ಅಪ್ಪಯ್ಯನ ಸಂಜೆಯ ಸೂಜಿ

ಅಫೀಮು ತಿನ್ನುವವರೆಲ್ಲ ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸಬೇಕು ಎಂಬ ಕಾನೂನು ಬಂದಾಗ ನನಗೆ ಹನ್ನೆರಡೋ ಹದಿಮೂರೋ ವಯಸ್ಸು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ಕುಂದಾಪುರದ ಪೇಟೆಯಲ್ಲಿ ಪರವಾನಗಿ ಪಡೆದ ಅಂಗಡಿಗೆ ಹೋಗಿ ಕೇಳಿದರೆ ಯಾರಿಗಾದರೂ ಸಿಗುತ್ತಿತ್ತು. ಇನ್ನು ಮುಂದೆ ಡಾಕ್ಟರು ಬರೆದುಕೊಟ್ಟು, ಕಾರ್ಡು ಕೈಗೆ ಬಂದವರಿಗೆ ಮಾತ್ರ, ಅದೂ ವಾರಕ್ಕೆ ಇಷ್ಟೇ ಎಂದಾಯಿತು. ಈಗಿನವರು ಅಫೀಮು ಎಂದ ಕೂಡಲೇ ಹೌಹಾರುತ್ತಾರೆ. ಆಗ ಅದು ಮುದುಕರ ಮದ್ದು. ಮಂಡಿನೋವಿಗೆ, ನಿಲ್ಲದ ಭೇದಿಗೆ, ಕೆಮ್ಮಿಗೆ ತಿನ್ನುತ್ತಿದ್ದರು. ಎಲ್ಲ ವಾಸಿಯಾದ ಮೇಲೂ ತಿನ್ನುತ್ತಿದ್ದರು. ಕಡಲೆಕಾಳಿನಷ್ಟು ಕಪ್ಪು ಗುಳಿಗೆಯನ್ನು ಬೆಲ್ಲದೊಳಗೆ ಅಡಗಿಸಿ ನುಂಗಿ, ಕಂಬಕ್ಕೆ ಒರಗಿ ಅರೆಗಣ್ಣು ಮಾಡಿ ಕೂರುವ ಅಜ್ಜಂದಿರು ಬೀಜಾಡಿಯಲ್ಲಿ ಹತ್ತಾರು ಜನ ಇದ್ದರು.

ಅಪ್ಪಯ್ಯ ಶಾಲೆಯ ಮಾಷ್ಟ್ರು. ಅರ್ಜಿ ಬರೆಸಬೇಕಾದರೆ ಊರಿಗೆಲ್ಲ ನಮ್ಮ ಜಗುಲಿಯೇ ಗತಿ. ಆ ತಿಂಗಳು ಮುದುಕರು ಸಾಲಾಗಿ ಬಂದು ಕೂತರು. ನಾನು ಪಕ್ಕದಲ್ಲಿ ಕೂತು ಶಾಯಿ ಬುಡ್ಡಿ ಹಿಡಿದುಕೊಳ್ಳುತ್ತಿದ್ದೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪಯ್ಯ ಎಲ್ಲಿ ಕೂತರೆ ಅಲ್ಲಿ ನಾನು. ದೋಣಿ ನಡೆಸುತ್ತಿದ್ದ ಒಬ್ಬ ಅಜ್ಜ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ಮಾಷ್ಟ್ರೆ, ನಂಗೆ ಎಂತ ಕಾಯ್ಲೆ ಅಂದೇಳಿ ಬರೀತ್ರಿ?"

"ನಿಮ್ಗೆ ಎಲ್ಲಿ ನೋವ್?"

"ನೋವ್ ಎಲ್ಲೂ ಇಲ್ಲೆ. ತಿನ್ದೆ ಇದ್ರೆ ಮಾತ್ರ ಎಲ್ಲಾ ಕಡೆ ನೋವ್."

ಎಲ್ಲರೂ ನಕ್ಕರು. ಅಪ್ಪಯ್ಯ ನಗಲಿಲ್ಲ. "ಸಂಧಿವಾತ" ಎಂದು ಬರೆದು ಮುಗಿಸಿದರು. ಎಲ್ಲರೂ ಎದ್ದುಹೋದ ಮೇಲೆ ನಾನು ಪೆದ್ದಿಯ ಹಾಗೆ ಕೇಳಿಬಿಟ್ಟೆ: "ಅಪ್ಪಯ್ಯ, ನಿಮ್ದ್ ಅರ್ಜಿ ಬರಿಲಿಲ್ಯಾ? ನೀವೂ ತಿಂತ್ರಿ ಅಲ್ದಾ?"

ಅವರು ಶಾಲೆಯಿಂದ ಬಂದು ಕೈಕಾಲು ತೊಳೆದವರೇ ಒಳಗಿನ ಪೆಟ್ಟಿಗೆಯಿಂದ ಸಣ್ಣ ತಗಡಿನ ಡಬ್ಬಿ ತೆಗೆಯುವುದನ್ನು ನಾನು ದಿನಾ ನೋಡುತ್ತಿದ್ದೆ. ಹೊಟ್ಟೆಶೂಲೆಗೆಂದು ಶುರುವಾಗಿತ್ತಂತೆ. ಅದು ಗುಟ್ಟೆಂದು ನನಗೆ ಹೊಳೆದೇ ಇರಲಿಲ್ಲ. ಅಪ್ಪಯ್ಯ ನನ್ನನ್ನೇ ನೋಡಿದರು. ಹೊಡೆಯುವ ನೋಟವಲ್ಲ. ನಾನು ಎಷ್ಟು ಬೆಳೆದಿದ್ದೇನೆ, ನನ್ನಿಂದ ಏನು ಅಪಾಯ, ಏನು ಉಪಯೋಗ ಎಂದು ತೂಗುವ ನೋಟ.

"ಮಾಷ್ಟ್ರ ಹೆಸ್ರ್ ಆ ಪುಸ್ತಕ್ದಗೆ ಬಪ್ಪುಕಾಗ, ಮಗಾ," ಎಂದರು ಕೊನೆಗೆ. "ಬರ್ಕಂಬವ ನನ್ ಶಿಷ್ಯ."

ಮರ್ಯಾದೆ! ಆ ಒಂದು ಶಬ್ದಕ್ಕೆ ನಮ್ಮವರು ಏನೇನು ಸುರಿದಿದ್ದಾರೋ ದೇವರಿಗೇ ಗೊತ್ತು. ತಾಲೂಕು ಕಚೇರಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತ ಅಪ್ಪಯ್ಯನ ಹತ್ತಿರ ಮಗ್ಗಿ ಕಲಿತವನು. ಅವನ ಮುಂದೆ ಹೋಗಿ ನಿಂತು, ನಾನೂ ಒಬ್ಬ ಅಫೀಮು ತಿನ್ನುವವ, ನನ್ನದೂ ಬರೆದುಕೋ ಎನ್ನುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡರು. ಊರಿನ ಮುದುಕರಿಗೆಲ್ಲ ಕಾರ್ಡು ಬಂತು. ಅರ್ಜಿ ಬರೆದುಕೊಟ್ಟವರಿಗೆ ಬರಲಿಲ್ಲ.

ಮುದುಕರೇನು ಕೃತಘ್ನರಲ್ಲ. ವಾರದ ಪಾಲು ತಂದ ಮರುದಿನ ಒಬ್ಬೊಬ್ಬರೇ ನಮ್ಮ ಮನೆಯ ಕಡೆ ಬರುತ್ತಿದ್ದರು. ಬಾಳೆಲೆಯ ತುಂಡಿನಲ್ಲಿ ಉಗುರಿನಷ್ಟು ಕಪ್ಪು ಅಂಟು ಮಡಿಚಿ ಜಗುಲಿಯ ಮೂಲೆಯಲ್ಲಿಟ್ಟು, "ಮಾಷ್ಟ್ರಿಗೆ ಕೊಡ್ ಹೆಣೆ" ಎಂದು ನನಗೆ ಹೇಳಿ ಹೋಗುವರು. ತಮ್ಮ ಪಾಲಿನಿಂದ ಚಿವುಟಿ ತಂದದ್ದು. ಹಾಗೆ ನಾಲ್ಕೈದು ವರ್ಷ ನಡೆಯಿತು. ನಡೆಯದೆ ಇದ್ದದ್ದು ಯಾವಾಗ ಎಂದರೆ, ಅವರು ಸಾಯಲು ಶುರುಮಾಡಿದಾಗ.

ಹೊಸ ಹೆಸರು ಪುಸ್ತಕಕ್ಕೆ ಸೇರುತ್ತಿರಲಿಲ್ಲ. ಹಳಬರು ವಯಸ್ಸಾಗಿ ಒಬ್ಬೊಬ್ಬರಾಗಿ ಉದುರಿದರು. ಪ್ರತಿಯೊಂದು ಸಾವಿಗೂ ಅಪ್ಪಯ್ಯ ಹೋಗುತ್ತಿದ್ದರು. ಸತ್ತವರ ಮನೆಯವರಿಗಿಂತ ಹೆಚ್ಚು ಕಳೆಗುಂದಿ ಮರಳುತ್ತಿದ್ದರು. ಮಾಷ್ಟ್ರಿಗೆ ಎಂಥ ಕರುಣೆ ಎಂದು ಜನ ಹೊಗಳಿದರು. ನಾನು ಮಾತ್ರ, ಇನ್ನೆಷ್ಟು ಜನ ಉಳಿದರು ಎಂದು ಅವರು ಬೆರಳು ಮಡಿಚುವುದನ್ನು ನೋಡುತ್ತಿದ್ದೆ. ದೋಣಿಯ ಅಜ್ಜ ಹಾಸಿಗೆ ಹಿಡಿದಾಗ ದಿನಾ ಹೋಗಿ ಅವನ ನಾಡಿ ಹಿಡಿದು ಕೂತರು. ಅವನು ಹೋದ ವಾರ ಅಪ್ಪಯ್ಯನಿಗೆ ಶಾಲೆಗೆ ಹೋಗಲಾಗಲಿಲ್ಲ. ಮೂಗು ಸೋರಿತು, ಆಕಳಿಕೆಯ ಮೇಲೆ ಆಕಳಿಕೆ, ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗಿದರು, ಕಾಲು ತಾನಾಗಿ ಒದ್ದುಕೊಳ್ಳುತ್ತಿತ್ತು. ಕೇಳಿದವರಿಗೆಲ್ಲ ನಾನು ಜ್ವರ ಎಂದೆ. ಸುಳ್ಳು ಹೇಳಿದರೆ ನಾಲಿಗೆ ಸೀಳುತ್ತದೆ ಎಂದು ಹೇಳಿಕೊಟ್ಟವರೇ ಒಳಗಿನಿಂದ ನನ್ನ ಸುಳ್ಳು ಕೇಳಿಸಿಕೊಳ್ಳುತ್ತಾ ಮಲಗಿದ್ದರು.

ನನ್ನ ಓದು ಮುಗಿಯುತ್ತಿದ್ದ ಹಾಗೆ, ಇವಳನ್ನು ದಾದಿ ತರಬೇತಿಗೆ ಕಳಿಸುತ್ತೇನೆ ಎಂದರು ಅಪ್ಪಯ್ಯ. ಆ ಕಾಲಕ್ಕೆ ನಮ್ಮಂಥ ಮನೆಯ ಹುಡುಗಿಯರು ಆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುವ ಮಕ್ಕಳ ಜೊತೆಗಿದ್ದ ಸೋದರತ್ತೆ ಊರಿಗೆ ಬಂದವರು ಎದೆ ಬಡಿದುಕೊಂಡರು.

"ಕಂಡವ್ರ ಮೈ ಮುಟ್ಟು ಕೆಲ್ಸಕ್ಕ್ ಕಳ್ಸಿರೆ ನಾಳಿಗ್ ಇದ್ನ್ ಮದಿ ಆಪುದ್ ಯಾರ್?"

"ಮದಿ ಆಪುದೊಂದೇ ಬದ್ಕಲ್ಲ ಅಕ್ಕ," ಎಂದರು ಅಪ್ಪಯ್ಯ.

ಎಷ್ಟು ಚಂದದ ಮಾತು! ಊರಿನ ನಾಲ್ಕು ಓದಿದ ಜನ ಅದನ್ನು ಕೊಂಡಾಡಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಇಂಥ ಅಪ್ಪಯ್ಯ ಯಾರಿಗಿದ್ದಾರೆ ಎಂದು ತರಬೇತಿಯ ಮೂರೂ ವರ್ಷ ಗೆಳತಿಯರ ಮುಂದೆ ಕೊಚ್ಚಿಕೊಂಡೆ. ಆಗಲೇ ಅವರ ಮನಸ್ಸಿನಲ್ಲಿ ಸೂಜಿ ಇತ್ತೇ? ಇದ್ದಿರಲಾರದು ಎಂದು ಒಂದು ದಿನ ಅನಿಸುತ್ತದೆ, ಇತ್ತು ಎಂದು ಮತ್ತೊಂದು ದಿನ. ಕೇಳಿ ತಿಳಿದುಕೊಳ್ಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ತರಬೇತಿ ಮುಗಿಸಿ ಬಂದಾಗ ಪುಸ್ತಕದ ಮುದುಕರು ಇಬ್ಬರೇ ಉಳಿದಿದ್ದರು, ಅಪ್ಪಯ್ಯ ಡಾಕ್ಟರ ಚೀಟಿಗೆ ಬದಲಾಗಿದ್ದರು. ಹೊಟ್ಟೆಶೂಲೆ ತಡೆಯಲಾಗುತ್ತಿಲ್ಲ ಎಂದಾಗ ಒಬ್ಬ ಡಾಕ್ಟರು ಪೆಥಿಡಿನ್ ಎಂಬ, ಅಫೀಮಿನದೇ ಜಾತಿಯ ನೋವಿನ ಸೂಜಿ ಹಾಕಿದ್ದರಂತೆ. ಆ ಸೂಜಿ ಇಳಿದ ಹತ್ತು ನಿಮಿಷದಲ್ಲಿ ಹತ್ತು ವರ್ಷದ ಸುಸ್ತು ಹೋಯಿತು ಎಂದರು ನನ್ನ ಹತ್ತಿರ. ಅವರ ಮುಖದಲ್ಲಿ ಅಂಥ ಭಕ್ತಿ ನಾನು ದೇವರ ಕೋಣೆಯಲ್ಲೂ ಕಂಡಿರಲಿಲ್ಲ. "ಈಗ ನೀ ಇದ್ದಿ. ಪ್ಯಾಟಿಗ್ ಹೋಪುದ್ ತಪ್ಪಿತ್," ಎಂದು ತೋಳು ಚಾಚಿದರು. ಹಾಲು ಕಾಯಿಸುವ ಸಣ್ಣ ತಪ್ಪಲೆಯಲ್ಲಿ ಗಾಜಿನ ಸಿರಿಂಜು ಕುದಿಸಿ, ಕಲಿತ ವಿದ್ಯೆ ಮನೆಯಲ್ಲೇ ಉಪಯೋಗಕ್ಕೆ ಬಂತಲ್ಲ ಎಂಬ ಹೆಮ್ಮೆಯಿಂದ ಚುಚ್ಚಿದೆ. ಡಾಕ್ಟರು ಬರೆದುಕೊಟ್ಟದ್ದು, ಮದ್ದಿನ ಅಂಗಡಿಯಲ್ಲಿ ಕೊಂಡದ್ದು, ದಾದಿ ಹಾಕಿದ್ದು. ಇದರಲ್ಲಿ ತಪ್ಪೆಲ್ಲಿ ಬಂತು?

ನನಗೆ ಕುಂದಾಪುರದಲ್ಲಿ ಒಬ್ಬ ವಯಸ್ಸಾದ ಡಾಕ್ಟರರ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸವಾಯಿತು. ಆ ಆಸ್ಪತ್ರೆ ಈಗಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ನಾಲ್ಕು ಗಂಟೆಗೆ ಮನೆ ಸೇರುತ್ತಿದ್ದೆ. ನಾಲ್ಕಕ್ಕೆ ಸೂಜಿ. ಬಸ್ಸು ತಡವಾದರೆ ಅಪ್ಪಯ್ಯ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಮಗಳ ಮೇಲೆ ಎಷ್ಟು ಜೀವ ಎಂದು ನೆರೆಯವರು ಹೇಳುತ್ತಿದ್ದರು.

ಮೊದಲು ವಾರಕ್ಕೆರಡು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ದಿನಾ. ಒಂದೇ ಕಡೆ ಚುಚ್ಚಿ ಚುಚ್ಚಿ ತೋಳು ಹಲಗೆಯ ಹಾಗೆ ಗಟ್ಟಿಯಾಯಿತು, ತೊಡೆಗೆ ಇಳಿದೆ. ಒಬ್ಬ ಡಾಕ್ಟರು ಇಷ್ಟೆಲ್ಲ ಬರೆದುಕೊಡುವುದು ಹೇಗೆಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬ್ರಹ್ಮಾವರದ ಒಬ್ಬ ಡಾಕ್ಟರರ ಕಂಪೌಂಡರು ತಮ್ಮ ಹೆಂಡತಿಯನ್ನು ನಮ್ಮಲ್ಲಿ ಹೆರಿಗೆಗೆ ಸೇರಿಸಿದಾಗ ತಾನಾಗಿಯೇ ಗೊತ್ತಾಯಿತು.

"ನಿಮ್ ಅಪ್ಪಯ್ಯಂಗೆ ಈಗ ಹ್ಯಾಂಗಿತ್? ಬುಧವಾರ ಬಂದಿರ್. ಪಾಪ, ನಮ್ ಡಾಕ್ಟ್ರನ್ನ್ ಬಿಟ್ರೆ ಬೇರೆ ಯಾರೂ ಸೂಜಿ ಬರ್ದ್ ಕೊಡುದಿಲ್ಯಂಬ್ರ್."

ಸೋಮವಾರ ಕುಂದಾಪುರದಲ್ಲಿ ಒಬ್ಬರು. ಬುಧವಾರ ಬ್ರಹ್ಮಾವರದಲ್ಲಿ ಒಬ್ಬರು. ಶನಿವಾರ ದೋಣಿ ದಾಟಿ ಬಸ್ಸು ಬದಲಿಸಿ ಬೈಂದೂರಿನಲ್ಲಿ ಇನ್ನೊಬ್ಬರು. ಮೂವರಿಗೂ ತಾನೊಬ್ಬನೇ ಡಾಕ್ಟರು ಎಂಬ ನಂಬಿಕೆ. ಮಾಷ್ಟ್ರು ಸುಳ್ಳು ಹೇಳುತ್ತಾರೆ ಎಂದು ಯಾರಿಗೆ ಅನಿಸೀತು? ಬಿಳಿ ಪಂಚೆ, ಕೊಡೆ, ತಗ್ಗಿದ ದನಿ. ಪೇಟೆಯ ಕುಡುಕ ಬಂದು ಕೇಳಿದ್ದರೆ ಒದ್ದು ಓಡಿಸುತ್ತಿದ್ದರು. ಅಂದು ಬಸ್ಸಿನಲ್ಲಿ ಕೂತು ಅತ್ತೆ. ಮನೆಗೆ ಬಂದು ನಾಲ್ಕಕ್ಕೆ ಸೂಜಿ ಹಾಕಿದೆ. ಇನ್ನು ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಹೆರಿಗೆಯವರ ನೋವಿಗೂ ಅದೇ ಮದ್ದು; ಒಂದು ಆಂಪೂಲಿನಲ್ಲಿ ಅರ್ಧ ಹಾಕಿ ಉಳಿದದ್ದನ್ನು ಚೆಲ್ಲಬೇಕಿತ್ತು. ನಾನು ಅದನ್ನು ಪುಟ್ಟ ಬಾಟಲಿಯಲ್ಲಿ ತುಂಬಿ ಮನೆಗೆ ತರತೊಡಗಿದೆ. ಚೆಲ್ಲುವುದಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕದ್ದೆ ಎನ್ನುವುದೇ ಸರಿ.

ಈ ನಡುವೆ ನನಗೆ ಮದುವೆಯ ಮಾತು ಬರುತ್ತಿತ್ತು. ಬಂದದ್ದೆಲ್ಲ ಜಾತಕ ಕೂಡಿಬರಲಿಲ್ಲ ಎಂದು ತಿರುಗಿ ಹೋಗುತ್ತಿತ್ತು. ಎರಡು ಸಲ ಹಾಗಾದಾಗ ನನಗೇನೂ ಅನಿಸಲಿಲ್ಲ. ಮೂರನೆಯವರು ಬಾರ್ಕೂರಿನವರು, ಹೈಸ್ಕೂಲಿನಲ್ಲಿ ಮಾಷ್ಟ್ರು. ಶಾಲೆಯ ಯಾವುದೋ ಕೆಲಸಕ್ಕೆ ಅಪ್ಪಯ್ಯನನ್ನು ನೋಡಲು ಬಂದವರು ನಾನು ಕಾಫಿ ತಂದಿಟ್ಟಾಗ ಎದ್ದು ನಿಂತರು. ಲೋಟ ತೆಗೆದುಕೊಂಡು ಮತ್ತೆ ಕೂರುವುದನ್ನೇ ಮರೆತರು. ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಎರಡನೆಯ ಸಲ ಕೆಲಸವಿಲ್ಲದೆಯೇ ಬಂದರು. ನನಗೆ ಅವರು ಬೇಕು ಎನಿಸಿತು; ಅಷ್ಟು ಸ್ಪಷ್ಟವಾಗಿ ಬದುಕಿನಲ್ಲಿ ನನಗೆ ಇನ್ನೇನೂ ಬೇಕೆನಿಸಿದ್ದಿಲ್ಲ. ಅವರ ಮನೆಯಿಂದ ಜಾತಕ ಕೇಳಿದರು. ಅಪ್ಪಯ್ಯ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಪ್ರತಿ ಬರೆದು ಕಳಿಸಿದರು. ಹದಿನೈದು ದಿನಕ್ಕೆ ಕಾಗದ ಬಂತು, ಜಾತಕ ಕೂಡಿಬರಲಿಲ್ಲ ಎಂದಷ್ಟೇ. ಅಪ್ಪಯ್ಯ ಅದನ್ನು ನನ್ನ ಕೈಗೆ ಕೊಟ್ಟು ತಲೆ ನೇವರಿಸಿದರು. "ಋಣ ಇಲ್ಲೆ ಮಗಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ನಾಟಕದ್ದಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಒಂದೂವರೆ ವರ್ಷದ ಮೇಲೆ, ಎಪ್ಪತ್ತನೆಯ ಇಸವಿಯ ಆಚೀಚೆ, ನಮ್ಮ ಆಸ್ಪತ್ರೆಗೆ ಬಾರ್ಕೂರಿನ ಒಬ್ಬಳು ಹೆರಿಗೆಗೆ ಬಂದಳು. ಮಗುವಿಗೆ ಸ್ನಾನ ಮಾಡಿಸಿ ತಂದು ಮಗ್ಗುಲಲ್ಲಿ ಮಲಗಿಸುತ್ತಿದ್ದಾಗ ನನ್ನ ಮುಖವನ್ನೇ ನೋಡುತ್ತಿದ್ದವಳು ಹೇಳಿದಳು:

"ನೀವ್ ಬೀಜಾಡಿ ಮಾಷ್ಟ್ರ ಮಗ್ಳ್ ಅಲ್ದಾ? ನಮ್ಮಣ್ಣ ನಿಮ್ಮನಿಗ್ ಬಂದಿದ್ದ. ಅವ್ನಿಗ್ ಮನ್ಸಿದ್ದಿತ್. ಎಂತ ಮಾಡುದ್, ನಿಮ್ದ್ ಮೂಲಾ ನಕ್ಷತ್ರ. ನಮ್ ಅಪ್ಪಯ್ಯಂಗೆ ಆಗ್ಳೇ ಎದಿನೋವ್. ಮಾವಂಗೆ ಆಪುದಿಲ್ಲೆ ಅಂದೇಳಿ ಅಮ್ಮ ಹೆದ್ರ್‌ಕಂಡ್ರ್."

ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನ ಜೀವಕ್ಕೆ ಕೇಡು ಎಂಬುದು ನಮ್ಮವರಲ್ಲಿ ಎಲ್ಲರೂ ನಂಬುವ ಮಾತು. ಆದರೆ ನನ್ನದು ಮೂಲಾ ಅಲ್ಲ. ನನ್ನದು ಅನುರಾಧಾ. ಹುಟ್ಟಿದ ದಿನ ಹಟ್ಟಿಯಂಗಡಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅಮ್ಮ ಅರ್ಚನೆ ಮಾಡಿಸುತ್ತಿದ್ದಳು. ಭಟ್ಟರು ನನ್ನ ಹೆಸರಿನೊಂದಿಗೆ ನಕ್ಷತ್ರ ಹೇಳುವುದನ್ನು ಕೇಳಲೆಂದೇ ನಾನು ಕಾಲ್ತುದಿಯಲ್ಲಿ ನಿಲ್ಲುತ್ತಿದ್ದೆ. "ಈಗ ಅಣ್ಣಂಗೆ ಮದಿ ಆಯ್ತ್, ಗಂಡ್ ಮಗು," ಎಂದು ಅವಳು ಮುಂದುವರಿಸಿದಳು. ನಾನು ಒಳ್ಳೆಯದಾಯಿತು ಎಂದೆ.

ಅಂದು ರಜೆ ಕೇಳಿ ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪಯ್ಯ ಶಾಲೆಯಲ್ಲಿದ್ದರು. ಪಂಚಾಂಗಗಳನ್ನಿಡುವ ಪೆಟ್ಟಿಗೆ ತೆಗೆದೆ. ನನ್ನ ಅಸಲು ಜಾತಕ ತಳದಲ್ಲಿತ್ತು, ಅನುರಾಧಾ. ಅದರ ಮೇಲೆ ಹೊಸ ಕಾಗದದಲ್ಲಿ ಬರೆದ ಮೂರು ಪ್ರತಿ. ಮೂರರಲ್ಲೂ ಹುಟ್ಟಿದ ದಿನ ಎರಡು ದಿನ ಮುಂದಕ್ಕೆ ಜರುಗಿತ್ತು, ಮೂರರಲ್ಲೂ ಮೂಲಾ. ಅರಿಶಿನದ ಬೊಟ್ಟು ಕೂಡ ಇಟ್ಟಾಗಿತ್ತು. ಯಾರೂ ಇನ್ನೂ ಕೇಳಿರಲಿಲ್ಲ. ಕೇಳಬಹುದಾದವರಿಗೆಂದು ಮೊದಲೇ ಬರೆದಿಟ್ಟದ್ದು.

ಅವರು ನಾಲ್ಕಕ್ಕೆ ಬಂದರು. ನಾನು ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ.

"ನನ್ ನಕ್ಷತ್ರ ಯಾವ್ದ್ ಅಪ್ಪಯ್ಯ?"

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಒಲೆಯ ಕಡೆ ನೋಡಿದರು. "ಸಿರಿಂಜ್ ಕಾಯ್ಸ್‌ಲಿಲ್ಯಾ?"

"ಎಂತಕ್ಕೆ ಹೀಂಗ್ ಮಾಡಿರಿ?"

"ನೀ ಹೋರೆ ನಂಗ್ ಸೂಜಿ ಹಾಕುವರ್ ಯಾರ್?"

ನಾಚಿಕೆಯಿಲ್ಲ, ಸಿಟ್ಟಿಲ್ಲ. ನೀನು ಹೋದರೆ ಅಡಿಗೆ ಮಾಡುವವರು ಯಾರು ಎನ್ನುವಷ್ಟು ಸಲೀಸಾಗಿ ಹೇಳಿದರು. ನಾನು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ, ಹೆತ್ತವರಿಗೆ ಅನ್ನಬಾರದ್ದನ್ನೂ ಅಂದೆ. ಇದ್ದ ಮದ್ದನ್ನೆಲ್ಲ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಇವತ್ತಿಗೆ ಮುಗಿಯಿತು ಎಂದೆ.

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ, ನೋಡುತ್ತಾ ಕೂತೆ. ಬೆಳಿಗ್ಗೆಯ ಹೊತ್ತಿಗೆ ಅಪ್ಪಯ್ಯನ ಪಂಚೆ ಬೆವರಿಗೆ ಮೈಗಂಟಿತ್ತು. ಹತ್ತಕ್ಕೆ ವಾಂತಿ, ಭೇದಿ, ನಡುಮನೆಯಿಂದ ಹಿತ್ತಿಲಿಗೆ ಹೋಗುವಷ್ಟೂ ತಡೆಯಲಿಲ್ಲ. ಗಂಟಲು ಹರಿದು ಕೂಗಿದರೆ ನೆರೆಯವರಿಗೆ ಕೇಳಿಸುತ್ತದೆ ಎಂದು ಶಲ್ಯ ಬಾಯಿಗೆ ತುರುಕಿಕೊಂಡರು. ಅಲ್ಲೂ ಮರ್ಯಾದೆ! ಒಮ್ಮೆ ಅಮ್ಮನನ್ನು ಕರೆದರು. ಒಮ್ಮೆ ನನ್ನ ಕಾಲು ಹಿಡಿಯಲು ಕೈ ಚಾಚಿದರು. ನನಗೆ ಹೆದರಿಕೆಯಾಯಿತು, ಹೇಸಿಗೆಯಾಯಿತು, ಅಯ್ಯೋ ಎನಿಸಿತು. ತುಂಬ ಸಿಟ್ಟೂ ಇತ್ತು. ಊಟದ ಹೊತ್ತಿನವರೆಗೆ ಸಿಟ್ಟಿನ ಬಲದಲ್ಲಿ ಕೂತಿದ್ದೆ. ಆಮೇಲೆ ಎದ್ದು ತಪ್ಪಲೆ ಒಲೆಯ ಮೇಲಿಟ್ಟೆ. ಸಿರಿಂಜಿಗೆ ಮದ್ದು ಎಳೆಯುವಾಗ ಇನ್ನೂ ಎರಡು ಆಂಪೂಲು ಕೈಯಲ್ಲೇ ಇದ್ದವು. ಎಲ್ಲವನ್ನೂ ಒಟ್ಟಿಗೆ ಎಳೆದರೆ ಅವರಿಗೂ ನೋವಿಲ್ಲ, ನನಗೂ ಬಿಡುಗಡೆ. ಹಾಗೆ ಯೋಚಿಸಿದ್ದು ನಿಜ. ಎಷ್ಟು ಹೊತ್ತು ಯೋಚಿಸಿದೆನೋ, ತಪ್ಪಲೆಯ ನೀರು ಬತ್ತಿ ತಳ ಸೀದ ವಾಸನೆ ಬಂತು. ದಿನದ ಅಳತೆಯಷ್ಟೇ ಹಾಕಿದೆ.

ಇದಾಗಿ ಎಂಟು ಹತ್ತು ದಿನಕ್ಕೆ ಬ್ರಹ್ಮಾವರದ ಕಡೆಯ ಒಂದು ಮನೆಯಿಂದ ನನ್ನ ಜಾತಕ ಕೇಳಿ ಕಾಗದ ಬಂತು. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಅಪ್ಪಯ್ಯ ಕಾಗದವನ್ನು ಎರಡು ಸಲ ಓದಿದರು. ಪೆಟ್ಟಿಗೆ ತೆಗೆದು ತಳದ ಜಾತಕವನ್ನು ಹೊರಗಿಟ್ಟುಕೊಂಡು ಬರೆಯಲು ಕೂತರು. ಮುತ್ತಿನಂಥ ಅಕ್ಷರ ಈಗ ಸೊಟ್ಟಸೊಟ್ಟ. ಒಂದು ಗಂಟೆ ಬರೆದರು.

"ಈ ಸಲ ಸಮಾ ಬರ್ದಿದೆ, ಕಾಣ್," ಎಂದು ನನ್ನ ಮುಂದೆ ಹಿಡಿದರು. ಅನುರಾಧಾ. "ನಂದ್ ಹೆಂಗಾರೂ ಆತ್. ನೀ ಹೋಯ್ಕ್ ಮಗಾ."

ಎಷ್ಟು ವರ್ಷದಿಂದ ಕಾದ ಮಾತು ಅದು. ನಾನು ಕಾಗದ ತೆಗೆದುಕೊಂಡು ಒಳಗೆ ಹೋದೆ. ಲಕೋಟೆಗೆ ವಿಳಾಸ ಬರೆದೆ. ಹೆಂಗಾದರೂ ಆಗುತ್ತದೆ ಎಂದರೆ ಹೇಗಾಗುತ್ತದೆ ಎಂಬುದನ್ನು ನಾನು ಆ ನಡುಮನೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ನೋಡಿದ್ದೆ.

ಅಪ್ಪಯ್ಯ ಬರೆದುಕೊಟ್ಟದ್ದನ್ನು ನಾಲ್ಕಾಗಿ ಮಡಿಚಿ ನನ್ನ ಟ್ರಂಕಿನಲ್ಲಿಟ್ಟೆ. ಪೆಟ್ಟಿಗೆಯಲ್ಲಿದ್ದ ಮೂರು ಮೂಲಾ ಪ್ರತಿಗಳಲ್ಲಿ ಒಂದನ್ನು ಲಕೋಟೆಗೆ ಹಾಕಿ, ಅಂಟಿಸಿ, ಕೋಟೇಶ್ವರದವರೆಗೆ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕಿದೆ. ಕಳಿಸಿದ್ಯಾ ಎಂದು ಕೇಳಿದರು. ಹೂಂ ಎಂದೆ. ಹದಿನೈದು ದಿನಕ್ಕೆ ಉತ್ತರ ಬಂದಾಗ ಅಪ್ಪಯ್ಯ, ಸರಿಯಾದದ್ದು ಕಳಿಸಿದರೂ ಹೀಗಾಯಿತಲ್ಲ ಎಂದು ಮಗುವಿನ ಹಾಗೆ ಅತ್ತರು. ನಾನು ಸಮಾಧಾನ ಮಾಡಿದೆ. ಉಳಿದ ಎರಡು ಪ್ರತಿಗಳೂ ಮುಂದಿನ ಎರಡು ವರ್ಷದಲ್ಲಿ ಖರ್ಚಾದವು. ಅಪ್ಪಯ್ಯ ಆಮೇಲೆ ಹನ್ನೊಂದು ವರ್ಷ ಬದುಕಿದರು.